ಮೋಟಾರ್‌ವೇ ಮೇಲೊಂದು ರಂಜಕದ ತುತ್ತು

ವಿಲಾಯತಿಯಿಂದ ಬಂದವರಿಗೆ ಧಾರವಾಡದ ಜನ ಕೇಳುವ ಪ್ರಶ್ನೆಗಳು ಮೂರೇ. ರಾಣಿಯನ್ನು ನೋಡಿದಿರಾ, ಹಿಮ ಬಿದ್ದಿತ್ತಾ, ಅನ್ನ ಸಿಗುತ್ತಿತ್ತಾ? ರಾಣಿಯನ್ನು ನೋಡಲಿಲ್ಲ. ಹಿಮವೂ ಬಿತ್ತು, ಅನ್ನವೂ ಸಿಕ್ಕಿತು. ರುಚಿಯಲ್ಲಿ ಎರಡೂ ಒಂದೇ. ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನವಾಗಿ ಅವಲಕ್ಕಿಯ ತಟ್ಟೆ ಮುಂದಿಟ್ಟುಬಿಡುತ್ತಾರೆ. ನನಗೆ ಹೇಳಬೇಕಾದದ್ದು ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಅದು ಒಂದು ಲಾರಿಯ ಸಂಗತಿ.

ನಾನು ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಶಿಕ್ಷಕರ ತರಬೇತಿಗೆಂದು ನನ್ನನ್ನು ಒಂದು ವರ್ಷ ಬರ್ಮಿಂಗ್‌ಹ್ಯಾಮಿಗೆ ಕಳಿಸಿದ್ದರು. ಅಲ್ಲಿ ಕಲಿತದ್ದನ್ನೆಲ್ಲ ವರದಿ ಬರೆದು ಕೊಟ್ಟಿದ್ದೇನೆ. ಅದನ್ನು ಯಾರೂ ಓದುವುದಿಲ್ಲ ಎಂಬುದು ನನಗೂ ಗೊತ್ತು, ಇಸಿದುಕೊಂಡವರಿಗೂ ಗೊತ್ತು. ಇದನ್ನಾದರೂ ಓದಿರಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಇಂಗ್ಲಿಷರು ಧಾರವಾಡದ ಮಾತಾಡುತ್ತಾರೆ. ಅವರು ಆಡಿದ್ದು ಇಂಗ್ಲಿಷೇ. ನನ್ನ ಕಿವಿಯ ಹೊಸ್ತಿಲು ದಾಟುವಷ್ಟರಲ್ಲಿ ಅದು ನಮ್ಮ ಓಣಿಯ ಮಾತಾಗಿಬಿಡುತ್ತಿತ್ತು. ಈಗ ತಿದ್ದಲು ಹೋದರೆ ಇದ್ದ ಸೊಗಸೂ ಕೆಡುತ್ತದೆ.

ಬರ್ಮಿಂಗ್‌ಹ್ಯಾಮಿನ ಬಸ್ಸು

ಬೇಸಿಗೆಯ ರಜೆಯಲ್ಲಿ ಲಂಡನ್ನಿಗೆ ಹೊರಟಿದ್ದೆ. ಅಲ್ಲಿ ನನ್ನ ಸೋದರತ್ತೆಯ ಮಗ ಡಾಕ್ಟರಿಕೆ ಓದುತ್ತಿದ್ದ. ನಾವು ಕೆಲಗೇರಿ ಕೆರೆಯ ದಂಡೆಗೆ ಹೋಗಬೇಕಾದರೂ ಬುತ್ತಿ ಕಟ್ಟುವ ಜನ, ಲಂಡನ್ನಿಗೆ ಬಿಡುತ್ತೇವೆಯೇ? ಚಪಾತಿ ಮಾಡಿ, ಮೇಲೆ ರಂಜಕ ಸವರಿ, ಸುರುಳಿ ಸುತ್ತಿ ಡಬ್ಬಿಗೆ ತುಂಬಿದೆ. ರಂಜಕ ಕಾಣದ ದಕ್ಷಿಣದ ಓದುಗರು ಯಾರಾದರೂ ಇದ್ದರೆ ಅವರಿಗಾಗಿ ಹೇಳುತ್ತೇನೆ. ಅದು ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆರಸ ಕೂಡಿಸಿ ಅರೆದ ಕೆಂಪು ಚಟ್ನಿ. ಹುಬ್ಬಳ್ಳಿಯಿಂದ ಹೊರಡುವಾಗ ಅವ್ವ ಒಂದು ಭರಣಿ ತುಂಬ ಕೊಟ್ಟಿದ್ದಳು. ಆ ದೇಶದ ಬೇಯಿಸಿದ ಆಲೂಗಡ್ಡೆಗಳ ನಡುವೆ ನಾನು ಜೀವ ಹಿಡಿದುಕೊಂಡಿದ್ದು ಅದರ ಮೇಲೆಯೇ.

ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಊರಿನಲ್ಲಿ ಧಾರವಾಡದಿಂದ ಹುಬ್ಬಳ್ಳಿ ಬಸ್ಸು ಹತ್ತಿದರೆ ನವಲೂರು ಬರುವಷ್ಟರಲ್ಲಿ ಪಕ್ಕದವರ ಮಗಳಿಗೆ ಎಂಥ ವರ ಬೇಕೆಂಬುದು ನಮಗೆ ಗೊತ್ತಾಗಿರುತ್ತದೆ. ಇವಳು ಹತ್ತುವಾಗ ಹವೆ ಚೆನ್ನಾಗಿದೆ ಎಂದಳು. ಹೌದು ಎಂದೆ. ಅಲ್ಲಿಗೆ ನಮ್ಮಿಬ್ಬರ ಸಂಬಂಧ ಮುಗಿಯಿತು.

ಮೋಟಾರು ಗಾಡಿಗಳಿಗೆಂದೇ ಹೊಸದಾಗಿ ತೆರೆದಿದ್ದ ಮೋಟಾರ್‌ವೇಯ ಮಗ್ಗುಲಲ್ಲಿ ಚಹಾಕ್ಕೆ ಬಸ್ಸು ನಿಂತಿತು. ನಾನು ಚಹಾ ಕುಡಿದು, ಕೈ ತೊಳೆದು, ನಮ್ಮ ಪದ್ಧತಿಯಂತೆ ಬಾಯಿ ಮುಕ್ಕಳಿಸಿ, ಮುಖಕ್ಕೆ ನೀರು ಹಾಕಿಕೊಂಡು ಹೊರಗೆ ಬಂದೆ. ಬಸ್ಸು ಇರಲಿಲ್ಲ! ನಮ್ಮ ಕಂಡಕ್ಟರನಾದರೆ ಸೀಟಿ ಊದುವ ಮುನ್ನ “ಯಾರರೆ ಬರೋರು ಅದಾರೇನ್ರಿ?” ಎಂದು ಕೂಗುತ್ತಾನೆ, ಅವನು ಕೂಗದಿದ್ದರೂ ಪಕ್ಕದವರು “ಏ ತಡೀಪಾ, ಅಕ್ಕೋರು ಬಂದಿಲ್ಲ” ಎಂದು ಇಡೀ ಬಸ್ಸನ್ನು ನಿಲ್ಲಿಸುತ್ತಾರೆ. ನನ್ನ ಪಕ್ಕದವಳು ಖಾಲಿ ಜಾಗವನ್ನು ಖಂಡಿತ ನೋಡಿರುತ್ತಾಳೆ. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸಬಾರದೆಂದು ಸುಮ್ಮನಿದ್ದಿರಬೇಕು. ಟ್ರಂಕು ಬಸ್ಸಿನ ಹೊಟ್ಟೆಯಲ್ಲಿ ಲಂಡನ್ನಿಗೆ ಹೋಯಿತು. ಬುತ್ತಿಯ ಚೀಲ ಮಾತ್ರ ಹೆಗಲಲ್ಲಿತ್ತು.

ಆರ್ಥರನ ಲಾರಿ

ಇಳಕಲ್ ಸೀರೆಯ ಮೇಲೆ ಉಣ್ಣೆಯ ಕೋಟು ತೊಟ್ಟು ಚಹಾದಂಗಡಿಯ ಮುಂದೆ ಬಾಯಿ ತೆರೆದು ನಿಂತ ಹೆಂಗಸನ್ನು ಕಂಡು ಒಬ್ಬ ಲಾರಿ ಡ್ರೈವರನಿಗೆ ಕನಿಕರ ಬಂತು. ಐವತ್ತು ದಾಟಿದವನು, ದುಂಡನೆಯ ಮೈ, ಕೆಂಪು ಮೂಗು. ಹೆಸರು ಆರ್ಥರ್. ಪಿಂಗಾಣಿ ಕಪ್ಪು ಬಸಿ ಮಾಡುವ ಊರಿನವನು. ಹುಲ್ಲಿನಲ್ಲಿ ಹುದುಗಿಸಿದ ಕಪ್ಪುಗಳ ಪೆಟ್ಟಿಗೆಗಳನ್ನು ಲಂಡನ್ನಿಗೆ ಒಯ್ಯುತ್ತಿದ್ದ. ಅವರ ಕಡೆ ಪರಿಚಯವಿರಲಿ ಬಿಡಲಿ ಹೆಂಗಸರನ್ನೆಲ್ಲ ಬಾತುಕೋಳಿ ಎಂದು ಕರೆಯುವ ರೂಢಿಯಂತೆ. ಮೊದಲ ಸಲ ಕೇಳಿದಾಗ ಸಿಟ್ಟು ಬಂತು. ಆಮೇಲೆ ಅವನ ದನಿಯಲ್ಲಿದ್ದ ಅಕ್ಕರೆ ತಿಳಿದು, ಅದನ್ನು ನಮ್ಮ ‘ಯವ್ವಾ’ ಎಂದು ಇಟ್ಟುಕೊಂಡೆ.

“ಹತ್ತ್ರಿ ಯವ್ವಾ, ಲಂಡನ್‌ತನಕ ಬಿಡತೇನಿ. ಆದ್ರ ಒಂದ್ ಮಾತ್ರಿ. ಪೊಲೀಸರು ಕಂಡ್ರ ನನಗ ಲಗೂನ ಹೇಳ್ರಿ,” ಎಂದ.

ಹತ್ತಲು ಎತ್ತಿದ ಕಾಲನ್ನು ಕೆಳಗಿಟ್ಟೆ. “ಯಾಕ್ರಿ, ಕಳವಿನ ಮಾಲೇನು?”

ಅವನು ನಕ್ಕು ಎಲ್ಲ ಹೇಳಿದ. ಆ ರಸ್ತೆಯಲ್ಲಿ ಪೊಲೀಸರು ಬಿಳಿ ಕಾರಿನಲ್ಲಿ ತಿರುಗುತ್ತ ಲಾರಿ ಡ್ರೈವರರನ್ನು ಹಿಡಿಯುತ್ತಿದ್ದರಂತೆ. ತೂಕ ಹೆಚ್ಚಾಯಿತೆಂದಲ್ಲ, ಜೋರಾಗಿ ಓಡಿಸಿದರೆಂದೂ ಅಲ್ಲ. ಗಮನ ರಸ್ತೆಯ ಮೇಲಿಲ್ಲವೆಂದು! ಒಬ್ಬ ಗಡ್ಡ ಬೋಳಿಸಿಕೊಳ್ಳುತ್ತ ನಡೆಸುತ್ತಿದ್ದ, ಇನ್ನೊಬ್ಬ ಮೊಳಕಾಲ ಸಂದಿಯಲ್ಲಿ ಚಹಾ ಬಸಿಯುತ್ತಿದ್ದ. ಆರ್ಥರ್ ಸ್ಟೀಯರಿಂಗಿನ ಮೇಲೆ ಪತ್ರಿಕೆ ಹರವಿಕೊಂಡು ಕುದುರೆ ಜೂಜಿನ ಪುಟ ಓದುತ್ತಿದ್ದ.

“ಕೋರ್ಟಿಗೆ ಹೋಗಿ ಬಂದೇನ್ರಿ. ಇನ್ನೊಂದು ಸಲ ಕೈಗೆ ಸಿಕ್ರ ಲೈಸನ್ಸ್ ಕಸಗೊಂತೇವಿ ಅಂದಾರ ಜಡ್ಜ್ ಸಾಹೇಬ್ರು. ಈ ವಯಸ್ಸಿನ್ಯಾಗ ಲೈಸನ್ಸ್ ಹೋತಂದ್ರ ನನಗ ಯಾರ್ ಕೆಲಸ ಕೊಡ್ತಾರ್ರಿ? ಬ್ಯಾರೆ ಏನೂ ಬರೂದಿಲ್ಲ ನನಗ.”

ನನಗೆ ಸೋಜಿಗ. ನಮ್ಮ ರಸ್ತೆಯಲ್ಲಿ ಪೊಲೀಸನು ಲಾರಿಗೆ ಕೈ ಮಾಡುವುದು ಹುಬ್ಬಳ್ಳಿಯವರೆಗೆ ತನ್ನನ್ನೂ ಕರೆದೊಯ್ಯಲೆಂದು. ಡ್ರೈವರನ ಗಮನ ಎಲ್ಲಿದೆಯೆಂದು ಕೇಳುವವರಿಲ್ಲ. ಹಾದಿಯಲ್ಲಿ ಹನುಮಪ್ಪನ ಗುಡಿ ಬಂದರೆ ಅವನು ಎರಡೂ ಕೈ ಬಿಟ್ಟು ನಮಸ್ಕರಿಸುತ್ತಾನೆ. ಆ ಹೊತ್ತು ಸ್ಟೀಯರಿಂಗು ಹನುಮಪ್ಪನ ಜವಾಬ್ದಾರಿ. ಎತ್ತಿನ ಗಾಡಿಯವನಂತೂ ಸಂತೆ ಮುಗಿಸಿ ಗೊರಕೆ ಹೊಡೆಯುತ್ತ ಮಲಗಿದರೂ ಎತ್ತುಗಳು ಅವನನ್ನು ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತವೆ. ಇದನ್ನು ಆರ್ಥರನಿಗೆ ಹೇಳಿದೆ. ಎತ್ತಿನ ಮಾತು ಅವನಿಗೆ ಬಹಳ ಹಿಡಿಸಿತು.

ಮೋಟಾರ್‌ವೇ

ಆ ರಸ್ತೆಯನ್ನು ಹೇಗೆ ಬಣ್ಣಿಸಲಿ? ತಿರುವಿಲ್ಲ, ತೆಗ್ಗಿಲ್ಲ, ದಿಬ್ಬವಿಲ್ಲ. ಎಮ್ಮೆಯಿಲ್ಲ, ನಾಯಿಯಿಲ್ಲ, ಪೇರಲಹಣ್ಣು ಮಾರುವವರಿಲ್ಲ. ನಮ್ಮ ರಸ್ತೆಯ ತೆಗ್ಗುಗಳನ್ನು ಜೀವಮಾನವಿಡೀ ಬೈದವಳು ನಾನು. ಅವು ಡ್ರೈವರನನ್ನು ಎಚ್ಚರ ಇಡುತ್ತವೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಇಲ್ಲಿ ಎಂಜಿನ್ನು ಇಬ್ಬರ ನಡುವೆ ಒಂದು ಉಬ್ಬಿನಡಿ ಕೂತು ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಬೆಚ್ಚಗಿತ್ತು. ಬಿಸಿಲು ಕಾಲ ಮೇಲೆ ಬೀಳುತ್ತಿತ್ತು. ನನಗೇ ಕಣ್ಣು ಎಳೆಯತೊಡಗಿತು.

ನಮ್ಮ ಕಾಕಾ ಮುಗದ ಹಳ್ಳಿಯಿಂದ ಹುಬ್ಬಳ್ಳಿಗೆ ಅಕ್ಕಿಯ ಲಾರಿ ನಡೆಸುತ್ತಿದ್ದರು. ಡ್ರೈವರನ ಪಕ್ಕ ಕೂತವರು ಮಲಗಬಾರದು, ಸುಮ್ಮನೂ ಕೂಡಬಾರದು, ಮಾತಾಡಿಸುತ್ತಿರಬೇಕು ಎಂದು ಅವರ ಕಟ್ಟಪ್ಪಣೆ. ಡ್ರೈವರ್ ಎಚ್ಚರಿದ್ದಾನೋ ಇಲ್ಲವೋ ನೋಡಲು ಅವರೇ ಒಂದು ಉಪಾಯ ಕಲಿಸಿದ್ದರು: ಏನಾದರೂ ಹುಚ್ಚುಮಾತು ಆಡಬೇಕು. ಅವನು ನಕ್ಕರೆ ಎಚ್ಚರಿದ್ದಾನೆ. ‘ಹೂಂ’ ಎಂದರೆ ದೇವರೇ ಗತಿ.

ಆರ್ಥರ್ ಕೋಳಿ ಕೂಗುವ ಮುನ್ನ ಎದ್ದು ಪೆಟ್ಟಿಗೆಗಳನ್ನು ತಾನೇ ಹೇರಿಕೊಂಡು ಬಂದವನು. ಅವನ ಮಾತು ನಿಧಾನವಾಗುತ್ತ ಬಂತು. ನನಗೆ ಅನುಮಾನ.

“ಆರ್ಥರಪ್ಪಾ, ನಿಮ್ಮ ಕಪ್ಪಿನ ಪೆಟಗಿ ಮ್ಯಾಲೆ ಒಂದು ಆನಿ ಕುಂತೈತಿ ನೋಡ್ರಿ.”

“ಹೂಂ,” ಎಂದ ಆರ್ಥರ್.

ಗಟ್ಟಿ ದನಿಯಲ್ಲಿ ಹನ್ನೆರಡರ ಮಗ್ಗಿ ಹೇಳಿಸಿದೆ. ಪಾಪ, ಅರ್ಧದವರೆಗೆ ಹೇಳಿದ. ಎಲ್ಲಾದರೂ ನಿಲ್ಲಿಸು ಎಂದೆ. ಆ ರಸ್ತೆಯಲ್ಲಿ ಕಾರಣವಿಲ್ಲದೆ ನಿಲ್ಲುವಂತಿಲ್ಲ, ಹೊರಹೋಗುವ ದಾರಿ ಇನ್ನೂ ದೂರ ಎಂದು ತೊದಲಿದ. ಮರುಕ್ಷಣ ಅವನ ಗದ್ದ ಎದೆಗೆ ತಾಕಿತು. ಲಾರಿ ರಸ್ತೆಯಂಚಿನ ಹುಲ್ಲಿನ ಕಡೆಗೆ ವಾಲಿತು. ಹಿಂದೆ ಕಪ್ಪುಗಳೆಲ್ಲ ಒಮ್ಮೆಗೇ ಕಿಣಿಕಿಣಿ ಎಂದವು.

ವಿಚಾರ ಮಾಡುವ ಹೊತ್ತಲ್ಲ. ಡಬ್ಬಿಯಿಂದ ಒಂದು ಸುರುಳಿ ತೆಗೆದು, ಎಂಜಿನ್ನಿನ ಉಬ್ಬಿನ ಮೇಲೆ ಬಾಗಿ, ಅವನ ಬಾಯಿಗೆ ತುರುಕಿದೆ. ಅವನು ನಿದ್ದೆಯಲ್ಲೇ ಜಗಿದ. ಆಮೇಲೆ ಕಣ್ಣು ತೆರೆದ. ಆ ಕಣ್ಣು ಅಷ್ಟು ದೊಡ್ಡದಾಗಬಲ್ಲದೆಂದು ನಾನು ಎಣಿಸಿರಲಿಲ್ಲ. ಲಾರಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡಿ ನೆಟ್ಟಗಾಯಿತು. ಈ ಎಚ್ಚರ ಆರದಿರಲಿ ಎಂದು ನಾನು ಎರಡನೆಯ ತುತ್ತನ್ನೂ ಹಾಕಿದೆ. ಅದೇ ಗಳಿಗೆಗೆ ಹಿಂದಿನಿಂದ ಗಣಗಣ ಗಂಟೆ ಕೇಳಿತು. ಎಲ್ಲೋ ಮಂಗಳಾರತಿ ಆಗುತ್ತಿದೆಯೇ ಎಂದು ತಿರುಗಿ ನೋಡಿದರೆ ಬಿಳಿ ಕಾರು. ಆ ಕಾಲಕ್ಕೆ ಅಲ್ಲಿಯ ಪೊಲೀಸ್ ಕಾರುಗಳಿಗೆ ಗಂಟೆಯೇ ಇರುತ್ತಿತ್ತು.

ರಸ್ತೆಯ ಅಂಚು

ಇಳಿದು ಬಂದವನು ಎತ್ತರದ ಸಾರ್ಜೆಂಟು. ಅವನ ಜೊತೆಯವನು ಕಾರಿನಲ್ಲೇ ಕೂತಿದ್ದ. ಸಾರ್ಜೆಂಟು ಮೊದಲು ಟೋಪಿ ಮುಟ್ಟಿ ನನಗೆ ನಮಸ್ಕಾರ ಹೇಳಿದ. ನಮ್ಮಲ್ಲಿ ಪೊಲೀಸರು ಇಷ್ಟು ಮರ್ಯಾದೆ ಕೊಟ್ಟರೆ ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದರ್ಥ. ಆಮೇಲೆ ಆರ್ಥರನ ಕಡೆ ತಿರುಗಿದ.

“ನೀವು ಇಬ್ರೂ ಏನ್ ಮಾಡಾಕತ್ತಿದ್ರಿ? ಲಾರಿ ಹಾವಿನಂಗ ಹರದಾಡಾಕತ್ತಿತ್ತಲ್ಲ?”

ಆರ್ಥರ್ ಬಾಯಿ ತೆರೆದ. ಮಾತು ಬರಲಿಲ್ಲ. ಕಣ್ಣಿನಿಂದ, ಮೂಗಿನಿಂದ ನೀರು ಇಳಿಯುತ್ತಿತ್ತು. ಕೈಯಿಂದ ನನ್ನ ಕಡೆ ತೋರಿಸಿದ, ತನ್ನ ಬಾಯಿ ತೋರಿಸಿದ, ಆಕಾಶ ತೋರಿಸಿದ. ಹೀಗಾಗಿ ಉತ್ತರ ಕೊಡುವ ಭಾರ ನನ್ನ ಮೇಲೆ ಬಿತ್ತು.

ನಿಜ ಹೇಳಿದರೆ ಇವನು ಮಲಗಿದ್ದ ಎನ್ನಬೇಕು. ಪತ್ರಿಕೆ ಓದಿದ್ದಕ್ಕೇ ಬಿಡದವರು ನಿದ್ದೆಗೆ ಬಿಡುತ್ತಾರೆಯೇ? ತಿನ್ನುತ್ತಿದ್ದ ಎಂದರೆ ಅದೂ ತಪ್ಪೇ. ಯಾವ ಕಡೆಯಿಂದ ಹೋದರೂ ಆರ್ಥರನ ಲೈಸನ್ಸು ಹೋಗುತ್ತಿತ್ತು. ಸುಳ್ಳು ಹೇಳಿದ ಹುಡುಗಿಯರನ್ನು ಇಡೀ ತಾಸು ನಿಲ್ಲಿಸುವ ಅಕ್ಕೋರು ನಾನು. ಆ ದಿನ ಸೆರಗು ಸರಿಮಾಡಿಕೊಂಡು, ಏನೂ ತಿಳಿಯದ ಪರದೇಶಿ ಹೆಂಗಸಿನ ಮುಖ ಹಾಕಿಕೊಂಡು, ಶುದ್ಧ ಸುಳ್ಳು ಹೇಳಿದೆ.

“ಅವಂದೇನೂ ತಪ್ಪಿಲ್ರಿ ಸಾಹೇಬ್ರ. ಅಂವಾ ಬ್ಯಾಡ ಬ್ಯಾಡ ಅಂದ. ನಾನ ಬಾಯಾಗ ಹಾಕಿದೆ.”

“ಬ್ಯಾಡ ಅಂದ್ರೂ ಯಾಕ್ ಹಾಕಿದ್ರಿ, ಬಾಯಾರ?” ಅವನ ‘ಮೇಡಂ’ ನನ್ನ ಕಿವಿಗೆ ‘ಬಾಯಾರ’ ಆಗಿತ್ತು.

“ನಮ್ಮ ಊರಾಗ ಬ್ಯಾಡ ಅಂದ ಕೂಡ್ಲೆ ಬಿಟ್ರ ಮರ್ಯಾದಿ ಅಲ್ರಿ. ಉಣ್ಣೋರು ನಾಚಿಕಿಗೆ ಬ್ಯಾಡ ಅಂತಾರ. ಮೂರ್ ಸಲ ಒತ್ತಾಯ ಮಾಡಬೇಕು. ಆಮ್ಯಾಲೆ ಅವರಾಗೇ ಬಾಯಿ ತಗೀತಾರ.”

ಈ ಪದ್ಧತಿ ಖರೆ, ಅದನ್ನು ಬಲ್ಲಿರಿ. ಆರ್ಥರ್ ಬೇಡ ಎಂದದ್ದಷ್ಟೇ ಸುಳ್ಳು. ಸಾರ್ಜೆಂಟು ನನ್ನನ್ನೂ ಅವನನ್ನೂ ನೋಡಿದ.

“ಒಂದ್ ತುಣುಕು ರೊಟ್ಟಿ ತಿಂದು ಇಷ್ಟ್ ದೊಡ್ಡ ಗಂಡಸು ಹಿಂಗ ಅಳತಾನೇನ್ರಿ?”

“ನೀವ ತಿಂದ್ ನೋಡ್ರಿ.” ಡಬ್ಬಿ ಮುಂದೆ ಹಿಡಿದೆ.

“ಬ್ಯಾಡ್ರಿ. ಡ್ಯೂಟಿ ಮ್ಯಾಲದೇನಿ.”

“ಸ್ವಲ್ಪ ತಗೋರಿ.”

“ಇಲ್ರಿ, ಖರೇನ ಬ್ಯಾಡ.”

“ನಮ್ಮವ್ವ ಕೈಯಾರೆ ಮಾಡಿದ್ದು ಐತ್ರಿ, ಸಾಹೇಬ್ರ. ಒಂದ ತುತ್ತು. ಒಲ್ಲೆ ಅಂದ್ರ ಮನಸ್ಸಿಗೆ ಭಾಳ ಕೆಟ್ಟ ಅನಸ್ತೈತಿ.”

ಸಾರ್ಜೆಂಟು ರಸ್ತೆಯ ಆಚೆ ನೋಡಿದ, ಈಚೆ ನೋಡಿದ. ಸಣ್ಣದಾಗಿ ಬಾಯಿ ತೆರೆದ. ನಾನು ಒಳ್ಳೆಯ ದಪ್ಪನೆಯ ಸುರುಳಿ ಹಾಕಿದೆ.

ಎರಡು ಸಲ ಜಗಿಯುವವರೆಗೂ ಇಂಗ್ಲೆಂಡಿನ ಕಾನೂನು ನೆಟ್ಟಗೆ ನಿಂತಿತ್ತು. ಮೂರನೆಯದಕ್ಕೆ ಟೋಪಿ ಕೈಗೆ ಬಂತು. ಕಿವಿಗಳು ಕೆಂಪಾದವು. ಅವನು ಗಾಡಿಯ ಮೂತಿ ಹಿಡಿದುಕೊಂಡು ಬಾಗಿದ. ಕಾರಿನಲ್ಲಿದ್ದ ಜೊತೆಯವನು ನೀರಿನ ಬಾಟಲಿ ಹಿಡಿದು ಓಡಿ ಬಂದ. ನಾನು ಏನೋ ವಿಷ ಹಾಕಿದೆನೆಂದು ಅವನ ಮುಖ ಹೇಳುತ್ತಿತ್ತು. ಆರ್ಥರ್ ಮಾತ್ರ ಅಷ್ಟು ಅಳುವಿನಲ್ಲೂ ಸಾರ್ಜೆಂಟನ ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದ. ಒಂದೇ ಬೆಂಕಿಯಲ್ಲಿ ಬಿದ್ದವರಿಗೆ ಜಾತಿ ಬೇರೆಯಿರುವುದಿಲ್ಲ ನೋಡಿ.

“ನೋಡ್ರಿ,” ಎಂದೆ, “ನೀವು ಪೊಲೀಸರು. ನಿಮಗ ನನ್ನ ಮಾತು ಮೀರಾಕ ಆಗಲಿಲ್ಲ. ಗಾಡಿ ನಡಸೋ ಬಡವ ಏನ್ ಮಾಡ್ಯಾನ್ರಿ?”

ಸಾರ್ಜೆಂಟು ಬಹಳ ಹೊತ್ತು ಉಸಿರೆಳೆದುಕೊಂಡ. “ಹೋಗ್ರಿ,” ಎಂದು ಆರ್ಥರನಿಗೆ ಕೈ ಮಾಡಿದ. ನನಗೆ ಮಾತ್ರ ಬೆರಳು ತೋರಿಸಿ, “ಬಾಯಾರ, ನಡಿಯೋ ಗಾಡ್ಯಾಗ ಇನ್ನ ಆ ಡಬ್ಬಿ ತಗೀಬ್ಯಾಡ್ರಿ,” ಎಂದ.

ಲೈಸನ್ಸು ಉಳಿಯಿತು. ನನಗೆ ಸಂತೋಷವಾಗಬೇಕಿತ್ತು. ಆದರೆ ಆರ್ಥರನ ಕಣ್ಣು ನೋಡಿದೆ. ಖಾರ ಇಳಿಯುತ್ತಿದ್ದಂತೆ ರೆಪ್ಪೆಗಳು ಮತ್ತೆ ಕೆಳಗಿಳಿಯುತ್ತಿದ್ದವು. ಈಗ ಡಬ್ಬಿಯೂ ತೆರೆಯುವಂತಿಲ್ಲ. ಹೀಗೇ ಹೊರಟರೆ ಮುಂದಿನ ಹುಲ್ಲಿನಂಚು ನಮ್ಮಿಬ್ಬರಿಗೂ ಕೊನೆಯದು. ಭಯದಲ್ಲಿ ಬುದ್ಧಿ ಚುರುಕಾಗುತ್ತದೆ. ನನಗೆ ವಾಮಕುಕ್ಷಿ ನೆನಪಾಯಿತು.

“ತಡೀರಿ ಸಾಹೇಬ್ರ! ಈ ಖಾರ ಹೊಟ್ಟಿಗೆ ಇಳದ ಮ್ಯಾಲೆ ಗಪ್ಪನ ನಿದ್ದಿ ಬರತೈತಿ. ಅದಕ್ಕ ನಮ್ಮ ಊರಾಗ ಉಂಡವರು ಎಡಮಗ್ಗಲಾಗಿ ಒಂದ್ ತಾಸು ಮಕ್ಕೋತಾರ. ವಕೀಲರು, ಮಾಸ್ತರು, ಅಂಗಡಿಯವರು, ಎಲ್ಲಾರೂ. ಮಕ್ಕೊಳ್ಳದೇ ಗಾಡಿ ಹೊಡದ್ರ ಭಾಳ ಅಪಾಯ ಐತ್ರಿ.”

ಸಾರ್ಜೆಂಟು ನನ್ನ ಮುಖವನ್ನು ನೋಡುತ್ತಲೇ ಇದ್ದ. ಆಮೇಲೆ ಆರ್ಥರನನ್ನು ನೋಡಿದ. “ಆತು. ನಮ್ಮ ಕಾರಿನ ಬೆನ್ನ ಹಿಂದ ಬರ್ರಿ,” ಎಂದ.

ಮರದ ಕೆಳಗೆ

ಗಂಟೆ ಬಾರಿಸುತ್ತ ಪೊಲೀಸ್ ಕಾರು ಮುಂದೆ, ಕಪ್ಪು ಬಸಿಗಳ ಲಾರಿ ಹಿಂದೆ. ಆ ಗದ್ದಲದಲ್ಲಿ ಆರ್ಥರನಿಗೆ ನಿದ್ದೆ ಸುಳಿಯಲಿಲ್ಲ. ಹೊರದಾರಿ ಹಿಡಿದು, ಒಂದು ಸಣ್ಣ ರಸ್ತೆಯ ಪಕ್ಕ ಮರದ ಕೆಳಗೆ ನಿಂತೆವು. ಎಂಜಿನ್ನಿನ ಉಬ್ಬಿನ ಮೇಲೆ ಗೋಣಿಚೀಲ ಹಾಸಿ ಆರ್ಥರನನ್ನು ಎಡಮಗ್ಗುಲಾಗಿ ಮಲಗಿಸಿದೆ. ಬಲಮಗ್ಗುಲಾದರೆ ನಡೆಯದೇ ಎಂದು ಕೇಳಿದ. ಶಾಸ್ತ್ರದಲ್ಲಿಲ್ಲ ಎಂದೆ. ಆ ಉತ್ತರ ಅವನಿಗೆ ಕೇಳಿಸಿತೋ ಇಲ್ಲವೋ, ಗೊರಕೆ ಶುರುವಾಗಿತ್ತು. ಕಪ್ಪುಗಳ ಕಿಣಿಕಿಣಿಗಿಂತ ಅದರ ಸದ್ದೇ ಜೋರು.

ನಾನು ಹುಲ್ಲಿನ ಮೇಲೆ ಕೂತೆ. ಸಾರ್ಜೆಂಟು ಹೋಗಲಿಲ್ಲ. ಲಾರಿಯ ಸುತ್ತ ಒಂದು ಸಲ ನಡೆದು ಬಂದ. ಬಿಸಿಲು ಆರ್ಥರನ ಮುಖದ ಮೇಲೆ ಬೀಳುತ್ತಿತ್ತು. ತನ್ನ ನೀಲಿ ಮೇಲಂಗಿ ತಂದು ಕಿಟಕಿಗೆ ಪರದೆಯಂತೆ ಇಳಿಬಿಟ್ಟ. ಆಮೇಲೆ ನನ್ನಿಂದ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತು ನಾಲಿಗೆಗೆ ಗಾಳಿ ಹಾಕಿಕೊಳ್ಳತೊಡಗಿದ.

“ಬಾಯಾರ,” ಎಂದ, “ಅದನ್ನ ನಾನೂ ತಿಂದೇನ್ರಿ. ಇನ್ನ ಎರಡ್ ದಿನ ನನಗ ನಿದ್ದಿ ಬರೂದಿಲ್ಲ.”

ನನಗೆ ಭೂಮಿ ಬಾಯಿ ತೆರೆದರೆ ಸಾಕೆನಿಸಿತು. ಸುಳ್ಳು ಸಿಕ್ಕುಬಿದ್ದ ಹುಡುಗಿಯರು ಕಾಲ ಹೆಬ್ಬೆರಳು ನೋಡುತ್ತ ನಿಲ್ಲುತ್ತಾರಲ್ಲ, ನಾನೂ ಹಾಗೆ ನನ್ನ ಬೂಟು ನೋಡುತ್ತ ಕೂತೆ.

ಅವನು ಬೈಯಲಿಲ್ಲ. “ಪೇಪರ್ ಓದೋವ್ರನ್ನ ಹಿಡೀರಿ, ಚಾ ಕುಡಿಯೋವ್ರನ್ನ ಹಿಡೀರಿ ಅಂತ ನಮಗ ಹುಕುಂ ಐತ್ರಿ. ಹಿಡಿತೇವಿ. ದಣದವ್ರನ್ನ ಏನ್ ಮಾಡಬೇಕು ಅಂತ ಯಾರೂ ಹೇಳಿಲ್ಲ. ಹೋದ ತಿಂಗಳ ಇದ ರಸ್ತಾದಾಗ ಒಬ್ಬ ಡ್ರೈವರ್ ಸತ್ತ. ಕೈಯಾಗ ಪೇಪರ್ ಇರಲಿಲ್ಲ, ಚಾನೂ ಇರಲಿಲ್ಲ. ಎರಡೂ ಕೈ ಸ್ಟೀಯರಿಂಗ್ ಮ್ಯಾಲ ಇದ್ದೂವು.”

ಲಾರಿಯೊಳಗಿನ ಗೊರಕೆ ಒಂದೇ ಸಮ ಕೇಳುತ್ತಿತ್ತು. ಅಷ್ಟು ಕರ್ಕಶವಾದ ಗೊರಕೆ ನನಗೆ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ.

ಎದ್ದ ಆರ್ಥರ್ ಕಿಟಕಿಗೆ ಪೊಲೀಸ್ ಅಂಗಿ ಇಳಿಬಿದ್ದದ್ದನ್ನು ಕಂಡು ಬೆಚ್ಚಿಬಿದ್ದ. “ಹೋತೇನ್ರಿ ಲೈಸನ್ಸು?” ಎಂದು ಕೇಳಿದ.

ಸಾರ್ಜೆಂಟು ಅಂಗಿ ತೆಗೆದು ಜಾಡಿಸಿ ಹೆಗಲಿಗೆ ಹಾಕಿಕೊಂಡ. “ನಿಂತ ಲಾರ್ಯಾಗ ಮಕ್ಕೊಂಡ್ರ ಕೇಸ್ ಇಲ್ಲಪಾ. ಇನ್ ಮ್ಯಾಲೆ ಹಿಂಗ ನಿಂತು ಮಕ್ಕೋ,” ಎಂದು ಕಾರು ಹತ್ತಿದ. ಈ ಸಲ ಗಂಟೆ ಬಾರಿಸದೆ ಹೋದರು.

ಲಂಡನ್

ಉಳಿದ ದಾರಿಯಲ್ಲಿ ಆರ್ಥರ್ ಬಹಳ ಮಾತಾಡಿದ. ತನ್ನ ಹೆಂಡತಿಯ ಮಂಡಿನೋವು, ಗೆಲ್ಲದ ಕುದುರೆಗಳು, ಪಿಂ‌ಗಾಣಿ ಊರಿನ ಹೊಗೆ. ಒಂದು ಸಲವಾದರೂ ನನ್ನ ಕಡೆ ತಿರುಗಲಿಲ್ಲ. ನಾನು ಆನೆಯ ಮಾತು ಮತ್ತೊಮ್ಮೆ ತೆಗೆದರೆ, ಆ ಆನೆಗೂ ಟಿಕೀಟು ಕೇಳುತ್ತೇನೆ ಎಂದು ರಸ್ತೆಯನ್ನು ನೋಡುತ್ತಲೇ ನಕ್ಕ. ಸಂಜೆಯ ಬೆಳಕಿನಲ್ಲಿ ಮನೆಗಳು ಒತ್ತೊತ್ತಾಗಿ ಬರತೊಡಗಿದವು. ಒಂದು ರೈಲು ನಿಲ್ದಾಣದ ಎದುರು ಲಾರಿ ನಿಲ್ಲಿಸಿದ. ಬ್ರೇಕು ಎಳೆದ. ಎಂಜಿನ್ನು ಆರಿಸಿದ. ಆಮೇಲೆ ಮೈ ಪೂರ್ತಿ ತಿರುಗಿಸಿ, ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದ.

“ನಾ ಮಕ್ಕೊಂಡುಬಿಟ್ಟಿದ್ದೆ, ಯವ್ವಾ,” ಎಂದ. “ನಿಮಗ ಗೊತ್ತಿತ್ತು.”

ಹುಬ್ಬಳ್ಳಿಯಿಂದ ಹೊರಟಾಗಿನಿಂದ ನನ್ನ ಬಾಯಿಗೆ ಮಾತಿನ ಬರ ಎಂಬುದು ಬಂದಿರಲಿಲ್ಲ. ಆಗ ಬಂತು. ಸುಮ್ಮನೆ ಅವನ ಕೈ ಹಿಡಿದು ಅಲುಗಿಸಿ ಇಳಿದೆ.

ರಸ್ತೆ ದಾಟಿ ಆಚೆ ಹೋಗಿ ತಿರುಗಿ ನೋಡಿದೆ. ಆರ್ಥರ್ ಇನ್ನೂ ಎಂಜಿನ್ನು ಹಚ್ಚಿರಲಿಲ್ಲ. ನಾನು ನಿಲ್ದಾಣದ ಮೆಟ್ಟಿಲು ಹತ್ತುವವರೆಗೂ ನನ್ನನ್ನೇ ನೋಡುತ್ತ ಕೂತಿದ್ದ. ಆಮೇಲೆ ಮುಖ ತಿರುಗಿಸಿ ಎರಡೂ ಕೈಗಳಿಂದ ಸ್ಟೀಯರಿಂಗು ಹಿಡಿದುಕೊಂಡು ಹೊರಟ.